ತಟ್ಟೆ ಒರೆಸಿ ಉಂಡವರು

"ಗುರುಗಳೇ, ಪರದೇಶಕ್ಕೆ ಸೇವೆಗೆಂದು ಹೋದವನಿಗೆ ತನ್ನ ಸೇವೆ ಫಲ ಕೊಟ್ಟಿದೆ ಎಂದು ತಿಳಿಯುವುದು ಹೇಗೆ?"

ಹೀಗೆ ಕೇಳಿದವನು ಜೀವರತ್ನ. ಕ್ರೈಸ್ತ ಸಭೆಯ ಪಾಠಶಾಲೆಯಲ್ಲಿ ಓದು ಮುಗಿಸಿ, ಮಿಷನ್ನಿನ ಕೆಲಸಕ್ಕೆ ಕಡಲಾಚೆ ಹೊರಟು ನಿಂತಿದ್ದ. ಗುರುಗಳು ವಯಸ್ಸಾದವರು, ಮಾತಿನಲ್ಲಿ ಸ್ವಲ್ಪ ಖಾರ. ಶಿಷ್ಯನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಬಿತ್ತುವ ಮೊದಲೇ ರಾಶಿಯ ಚಿಂತೆಯೇನಪ್ಪ ನಿನಗೆ? ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಗದಗದ ಕಡೆಯ ಒಂದು ಊರಿನಲ್ಲಿ ಗಂಡ ಹೆಂಡತಿ ಇದ್ದರು. ಗಂಡ ದೇವದಾನಪ್ಪ, ಶಾಲೆಯ ಮಾಸ್ತರಿಕೆ ಮುಗಿಸಿ ನಿವೃತ್ತನಾದವನು. ಹೆಂಡತಿ ಎಸ್ತೇರಬಾಯಿ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಸುತ್ತಿನ ಹಳ್ಳಿಯ ಅರ್ಧಕ್ಕರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದವು. ಇಬ್ಬರೂ ತಂದೆತಾಯಿ ಇಲ್ಲದೆ ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವರು. ಆ ಬೋರ್ಡಿಂಗಿನ ಕಟ್ಟಳೆ ಬಿಗಿ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಮುಂದಿನ ಹೊತ್ತಿನ ಊಟ ಇಲ್ಲ. ಬಡಿಸಿದ್ದನ್ನು ಬಿಡುವುದೆಂದರೆ ಬಡಿಸಿದವರ ಮುಖಕ್ಕೆ ಹೊಡೆದ ಹಾಗೆ ಎಂದು ಇಬ್ಬರೂ ಎಳವೆಯಲ್ಲೇ ಕಲಿತುಬಿಟ್ಟಿದ್ದರು. ತಲೆ ಹಣ್ಣಾದರೂ ಆ ಅಭ್ಯಾಸ ಹೋಗಲಿಲ್ಲ. ಮದುವೆ ಮನೆಯಲ್ಲಿ ಕೂಡ ತಟ್ಟೆಯನ್ನು ಬೆರಳಿನಿಂದ ಒರೆಸಿ, ಬೆರಳು ನೆಕ್ಕಿ ಏಳುವ ಜನ.

ಕೈಕಾಲು ಗಟ್ಟಿಯಿರುವಾಗಲೇ ದೇವರ ಕೆಲಸಕ್ಕೆ ಆಗಬೇಕು ಎಂಬ ಹಂಬಲ ಇಬ್ಬರಿಗೂ. ಮಿಷನ್ನಿನವರು ಅವರನ್ನು ಆಫ್ರಿಕಾದ ಒಂದು ಗುಡ್ಡದ ಊರಿಗೆ ಕಳಿಸಿದರು. ಇರಲಿಕ್ಕೆ ತಗಡಿನ ಮನೆ, ಅದರ ಹಿಂದೆ ಒಂದು ಉಗ್ರಾಣ. ತಿಂಗಳಿಗೊಮ್ಮೆ ಪಟ್ಟಣದಿಂದ ಗಾಡಿ, ಊರು ಮಲಗಿದ ಮೇಲೆ ಬಂದು ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಇಳಿಸಿ ಹೋಗುತ್ತಿತ್ತು. ಇಲಿ ಕಾಟ ಎಂದು ಉಗ್ರಾಣದ ಬಾಗಿಲು ಯಾವಾಗಲೂ ಮುಚ್ಚಿಯೇ ಇರುತ್ತಿತ್ತು.

ದೇವದಾನಪ್ಪ ಮಕ್ಕಳಿಗೆ ಅಕ್ಷರ ಕಲಿಸಿದ, ಕೀರ್ತನೆ ಕಲಿಸಿದ. ಎಸ್ತೇರಬಾಯಿ ಜಗುಲಿಯಲ್ಲಿ ತೂಗುತಕ್ಕಡಿ ಕಟ್ಟಿ ಕೂಸುಗಳನ್ನು ತೂಗಿದಳು, ಬಸುರಿ ಬಾಣಂತಿಯರಿಗೆ ಬುದ್ಧಿ ಹೇಳಿದಳು. ಆದರೆ ದೊಡ್ಡವರು ಯಾರೂ ಪ್ರಾರ್ಥನೆಗೆ ಹತ್ತಿರ ಸುಳಿಯಲಿಲ್ಲ. ನಮಸ್ಕಾರ ಮಾಡುತ್ತಿದ್ದರು, ನಗುತ್ತಿದ್ದರು, ತಮ್ಮ ದಾರಿ ಹಿಡಿಯುತ್ತಿದ್ದರು. ಇಷ್ಟು ದೂರ ಬಂದದ್ದು ಇದಕ್ಕೇನಾ ಎಂದು ಎಸ್ತೇರಬಾಯಿ ಒಳಗೊಳಗೇ ಕುಸಿದಳು.

ಒಂದು ಸಂಜೆ ಎನೆಲೇಸಿ ಎಂಬ ಹಿರಿಯಳು ಇಬ್ಬರನ್ನೂ ಮನೆಗೆ ಕರೆದಳು. ಅವಳ ಮಾತಿಗೆ ಊರಿನಲ್ಲಿ ಎದುರು ಮಾತಿಲ್ಲ. ಮಗ ಗಣಿ ಕೆಲಸಕ್ಕೆ ದೂರ ಹೋಗಿದ್ದ. ಮನೆಯಲ್ಲಿ ಅವಳು ಮತ್ತು ಸೊಸೆ ತಮಾಂದಾ. ಗಂಡ ಹೆಂಡತಿ ಹೋದರು, ಕೂತರು. ದೊಡ್ಡ ತಟ್ಟೆಯ ತುಂಬ ಮೆಕ್ಕೆಜೋಳದ ಮುದ್ದೆ, ಪಕ್ಕಕ್ಕೆ ಬೇಯಿಸಿದ ಸೊಪ್ಪು ಬಂತು. ಅಯ್ಯೋ ದೇವರೇ, ಎಷ್ಟು ಬಡಿಸಿದ್ದಾರೆ ಎಂದುಕೊಂಡಳು ಎಸ್ತೇರಬಾಯಿ. ಮಧ್ಯಾಹ್ನದ ಅನ್ನ ಸಾರು ಇನ್ನೂ ಹೊಟ್ಟೆಯಲ್ಲೇ ಇತ್ತು. ಆದರೂ ಬಿಡುವುದುಂಟೇ? ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಷ್ಟಪಟ್ಟು ಅಷ್ಟನ್ನೂ ಖಾಲಿ ಮಾಡಿದರು. ದೇವದಾನಪ್ಪ ತಟ್ಟೆಯನ್ನು ಬೆರಳಿನಿಂದ ಒರೆಸಿ, ನಗುತ್ತ ಮನೆಯವರಿಗೆ ತೋರಿಸಿದ. ಅತ್ತೆ ಸೊಸೆ ಆ ಬರಿ ತಟ್ಟೆಯನ್ನೇ ನೋಡಿದರು. ಮನಸ್ಸು ತುಂಬಿ ಬಂದಿದೆ ಅವರಿಗೆ ಎಂದುಕೊಂಡಳು ಎಸ್ತೇರಬಾಯಿ.

ಮಾರನೆಯ ದಿನವೇ ನೋಡು, ಇನ್ನೊಂದು ಮನೆಯಿಂದ ಕರೆ ಬಂತು. ನಮ್ಮ ಮನೆಗೂ ಬಂದು ಪ್ರಾರ್ಥನೆ ಮಾಡಿ ಎಂದು. ಅದರ ಮಾರನೆಗೆ ಮತ್ತೊಂದು. ಊರಿಗೆ ಊರೇ ಸಂಜೆಯ ಪ್ರಾರ್ಥನೆಗೆ ಸರದಿ ಹಚ್ಚಿತು. ದೇವದಾನಪ್ಪ ಬೀಗಿದ. ಎಸ್ತೇರಬಾಯಿ ಗೋಡೆಗೆ ಮುಖ ಮಾಡಿ ಸಂತೋಷಕ್ಕೆ ಅತ್ತಳು. ಪ್ರತಿ ಸಂಜೆ ಒಂದು ಮನೆ, ಒಂದು ಪ್ರಾರ್ಥನೆ, ಒಂದು ತುಂಬಿದ ತಟ್ಟೆ. ಪ್ರತಿ ಸಂಜೆ ತಟ್ಟೆ ಖಾಲಿ. ಮನೆಗೆ ಬಂದು ಜೀರಿಗೆ ಕಷಾಯ ಕುಡಿದು, ಹೊಟ್ಟೆ ಸವರಿಕೊಂಡು ಮಲಗುವುದು. ಪ್ರೀತಿ ಅಂದರೆ ಇದು ಎಂದು ಮಾತಾಡಿಕೊಳ್ಳುವುದು. ಇಷ್ಟಾಗಿ ಅವರು ತಮ್ಮ ಮನೆಯಲ್ಲಿ ಆ ಊರಿನ ಒಬ್ಬರನ್ನೂ ಊಟಕ್ಕೆ ಕೂರಿಸಿರಲಿಲ್ಲ. ಮನಸ್ಸು ಕೆಟ್ಟದ್ದೆಂದಲ್ಲ, ತಮ್ಮಾ. ಅದು ಹೊಳೆಯಲೇ ಇಲ್ಲ.

ಎರಡನೆಯ ವರ್ಷ ಮಳೆ ತಡವಾಯಿತು. ಹೊಸ ಬೆಳೆ ಇನ್ನೂ ಬಂದಿಲ್ಲ, ಹಳೆಯ ಕಾಳು ಮುಗಿಯುತ್ತ ಬಂದಿತ್ತು. ಮನೆಮನೆಯ ಕರೆ ನಿಲ್ಲತೊಡಗಿತು. ಎನೆಲೇಸಿಯ ಮನೆಯಿಂದ ಮಾತ್ರ ಮತ್ತೆ ಮತ್ತೆ ಕರೆ. ಊರಿನವರ ಭಕ್ತಿ ಕಡಿಮೆಯಾಯಿತು ಎಂದು ದೇವದಾನಪ್ಪ ಕೆರಳಿದ. ಭಾನುವಾರ ಸಭೆಯಲ್ಲಿ ನಿಂತು, ದೇವರ ವಿಷಯದಲ್ಲಿ ಉದಾಸೀನ ಮಾಡುತ್ತೀರಲ್ಲ, ನಾಚಿಕೆಯಾಗಬೇಕು ನಿಮಗೆ, ಒಂದು ಮನೆಯವರು ಕರೆಯುವಷ್ಟು ನಿಮ್ಮಿಂದ ಕರೆಯಲಿಕ್ಕೆ ಆಗುವುದಿಲ್ಲವೇ ಎಂದು ಗುಡುಗಿದ. ಜನ ತಲೆ ತಗ್ಗಿಸಿ ಕೇಳಿದರು. ಆ ವಾರ ಎರಡು ಮೂರು ಮನೆಯಿಂದ ಕರೆ ಬಂತು. ಬೈದದ್ದಕ್ಕೆ ಕೆಲಸ ಆಯಿತು ಎಂದ ದೇವದಾನಪ್ಪ.

ಎಸ್ತೇರಬಾಯಿಗೆ ಆಗ ಬೇರೆಯೇ ಒಂದು ಕಳವಳ ಹತ್ತಿತ್ತು. ತಮಾಂದಾ ಹೆತ್ತಿದ್ದಳು. ಎಸ್ತೇರಬಾಯಿಯೇ ಹೆರಿಗೆ ಮಾಡಿಸಿದ್ದಳು. ಹುಟ್ಟುವಾಗ ಗುಂಡುಗುಂಡಾಗಿದ್ದ ಹೆಣ್ಣುಕೂಸು ಈಗ ತೂಗಿದಾಗಲೆಲ್ಲ ಕಡಿಮೆ ತೂಗುತ್ತಿತ್ತು. ಅಳುವ ದನಿಯೂ ಸಣ್ಣದಾಗಿತ್ತು. ಈ ಕೂಸು ಕೈ ತಪ್ಪಿದರೆ ನಾನು ಇಲ್ಲಿ ಇದ್ದೂ ಸತ್ತ ಹಾಗೆ ಎಂದು ಎಸ್ತೇರಬಾಯಿ ನಿದ್ದೆಗೆಟ್ಟಳು. ತಾಯಿಗೆ ಹಾಲೇ ಇಳಿಯುತ್ತಿರಲಿಲ್ಲ. ಜ್ವರ ಇಲ್ಲ, ಗಡ್ಡೆ ಇಲ್ಲ, ಬೇನೆ ಇಲ್ಲ. ಮತ್ತೆ ಹಾಲಿಗೇನು ಬಂತು?

ಒಂದು ಬೆಳಿಗ್ಗೆ ತಮಾಂದಾ ಕೂಸನ್ನು ತಕ್ಕಡಿಗೆ ಎತ್ತಿ ಕೊಡುವಾಗಲೇ ಕಣ್ಣು ಕತ್ತಲೆ ಬಂದು ಜಗುಲಿಯ ಮೇಲೆ ಕುಸಿದಳು. ಕೂಸನ್ನು ಎಸ್ತೇರಬಾಯಿ ಅವಚಿ ಹಿಡಿದಳು. ಹೆದರಿಕೆಯೇ ಸಿಟ್ಟಾಯಿತು.

"ಹುಚ್ಚಿ, ಬಾಣಂತಿ ಹೊಟ್ಟೆತುಂಬ ಉಣ್ಣಬೇಕು ಎಂದು ಎಷ್ಟು ಸಲ ಹೇಳಿದೆ ನಿನಗೆ? ಹೇಳು, ನಿನ್ನೆ ಸಂಜೆ ಏನು ಉಂಡೆ?"

ತಮಾಂದಾ ಗಾಬರಿಯಾಗಿ ಅವಳ ಮುಖ ನೋಡಿದಳು. ಇದೆಂಥ ಪ್ರಶ್ನೆ ಎಂಬಂತೆ.

"ನಿನ್ನೆ ಸಂಜೆ ನೀವು ನಮ್ಮ ಮನೆಗೆ ಬಂದಿದ್ದಿರಲ್ಲ, ಅಜ್ಜಿ."

ದೂರುವ ದನಿಯಲ್ಲ ಅದು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಎಸ್ತೇರಬಾಯಿಗೆ ಮೊದಲು ಅರ್ಥವಾಗಲಿಲ್ಲ. ಬಿಡಿಸಿ ಬಿಡಿಸಿ ಕೇಳಿದಳು. ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿದಳು. ಆ ಊರಿನಲ್ಲಿ ಅತಿಥಿ ಬಂದರೆ ಮನೆಯಲ್ಲಿ ಬೆಂದದ್ದನ್ನೆಲ್ಲ ಅವರ ಮುಂದೆ ಇಡುತ್ತಾರೆ. ಅತಿಥಿ ನಾಲ್ಕು ತುತ್ತು ತೆಗೆದುಕೊಂಡು, ಸಾಕು ಎಂದು ತಟ್ಟೆಯನ್ನು ಮನೆಯವರ ಕಡೆ ಸರಿಸುತ್ತಾನೆ. ಆಮೇಲೆ ಮನೆಯವರ ಊಟ. ಅತಿಥಿ ಅಷ್ಟನ್ನೂ ಉಂಡರೆ ಮನೆಯವರು ನೀರು ಕುಡಿದು ಮಲಗುತ್ತಾರೆ. ಅದಕ್ಕೆ ಯಾರೂ ತುಟಿ ಪಿಟಕ್ಕೆನ್ನಬಾರದು.

ಎಷ್ಟು ಮನೆ, ಎಷ್ಟು ತಟ್ಟೆ! ಉಂಡ ಒಂದೊಂದು ಸಂಜೆಯೂ ಎಸ್ತೇರಬಾಯಿಯ ಕಣ್ಣ ಮುಂದೆ ಬಂತು. ಬರಿ ತಟ್ಟೆಯನ್ನು ನೋಡುತ್ತ ನಿಂತ ಮಕ್ಕಳ ಮುಖ ಬಂತು. ಹಸಿದವಳನ್ನು ಹಿಡಿದು, ಉಣ್ಣುವುದಿಲ್ಲ ಎಂದು ಬೈದವಳು ತಾನು. ಒಳಗೆ ಓಡಿದಳು. ದೇವದಾನಪ್ಪ ಹಸಿರು ಹೊದಿಕೆಯ ಕೀರ್ತನೆ ಪುಸ್ತಕ ಹಿಡಿದು ಕೂತಿದ್ದ.

"ಏನ್ರೀ," ಎಂದಳು. ಪುಸ್ತಕವನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟಳು. "ನಾವು ಕೂಸಿನ ಹಾಲು ಕುಡದೇವ್ರೀ."

ವಿಷಯ ಕೇಳಿ ಆ ಮನುಷ್ಯ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡ. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ. ಆಮೇಲೆ ಇಬ್ಬರೂ ಜಗುಲಿಗೆ ಬಂದರು. ತಮಾಂದಾಳಿಗೆ ಗಂಜಿ ಕಾಸಿ ಕುಡಿಸಿದರು. ಉಗ್ರಾಣ ತೆರೆದು, ಇದ್ದ ಅಕ್ಕಿ ಬೇಳೆಯನ್ನೆಲ್ಲ ಕೈಗಾಡಿಗೆ ಹೇರಿದರು. ಅವಳನ್ನೂ ಕೂಸನ್ನೂ ಜೊತೆಗೆ ಕರೆದುಕೊಂಡು ಎನೆಲೇಸಿಯ ಅಂಗಳಕ್ಕೆ ಹೋದರು. ಅಷ್ಟು ವಯಸ್ಸಾದ ಜೀವಗಳು, ಅವಳ ಮುಂದೆ ಮಣ್ಣಿನಲ್ಲಿ ಮೊಣಕಾಲೂರಿದವು. ನಮಗೆ ಗೊತ್ತಿರಲಿಲ್ಲ, ಕ್ಷಮಿಸು ಎಂದು ಎಸ್ತೇರಬಾಯಿ ಬಿಕ್ಕಿದಳು.

ಎನೆಲೇಸಿ ಅವರನ್ನು ನೋಡಲೇ ಇಲ್ಲ. ಅವಳ ಕಣ್ಣು ಮೂಟೆಗಳ ಮೇಲಿತ್ತು. ಹತ್ತಿರ ಬಂದು ಒಂದು ಮೂಟೆಯೊಳಗೆ ಕೈ ಹಾಕಿ ಅಕ್ಕಿ ಮುಟ್ಟಿದಳು. ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದೆಗೆದಳು.

"ಇದೆಲ್ಲ ನಿಮ್ಮ ಮನೆಯಲ್ಲೇ ಇತ್ತೇ?"

"ಇತ್ತು" ಎಂದ ದೇವದಾನಪ್ಪ.

"ಇತ್ತೇ? ಇದ್ದೂ ನಮ್ಮ ಮನೆಯಲ್ಲಿ ಯಾಕೆ ಹಾಗೆ ಉಂಡಿರಿ?"

"ಬಿಟ್ಟರೆ ನಿಮಗೆ ನೋವಾಗುತ್ತದೆ ಎಂದು, ಅಕ್ಕಾ."

ಎನೆಲೇಸಿ ದೊಪ್ಪನೆ ಕುಳಿತುಬಿಟ್ಟಳು. ಎಸ್ತೇರಬಾಯಿಯ ಕಡೆ ತಿರುಗಿದಳು.

"ತಂಗೀ, ಮೊದಲ ಸಲ ನೀವು ತಟ್ಟೆ ಒರೆಸಿ ಉಂಡದ್ದನ್ನು ನೋಡಿ ನನಗೆ ಅಳು ಬಂತು. ಮನುಷ್ಯರು ಹಾಗೆ ಉಣ್ಣುವುದನ್ನು ನಾವು ಬರಗಾಲದಲ್ಲಿ ಮಾತ್ರ ನೋಡಿದ್ದೆವು. ಈ ವಯಸ್ಸಿನಲ್ಲಿ ಊರು ಬಿಟ್ಟು ಬಂದಿದ್ದಾರೆ, ಅಲ್ಲಿ ಇವರಿಗೆ ಒಂದು ಹಿಡಿ ಹಾಕುವವರೂ ಇಲ್ಲ ಎಂದುಕೊಂಡೆವು. ಎಲ್ಲ ಸೇರಿ ಮಾತಾಡಿ, ದಿನಕ್ಕೊಂದು ಮನೆಯವರು ನಿಮ್ಮನ್ನು ಸಾಕುವುದು ಎಂದು ಗೊತ್ತು ಮಾಡಿದೆವು. ಕೈಲಾಗದ ಮನೆಯ ಸರದಿಯನ್ನು ನಾನು ಹೊತ್ತುಕೊಂಡೆ. ಸೊಸೆಯೂ ಒಪ್ಪಿದಳು."

ಎಸ್ತೇರಬಾಯಿ ಕಣ್ಣೀರು ಒರೆಸುವುದನ್ನೂ ಮರೆತಳು. ಅವಳಿಗೆ ಇನ್ನೊಂದು ಹೆದರಿಕೆ ಹುಟ್ಟಿತ್ತು. ಕೇಳಬಾರದು ಎನಿಸಿತು, ಆದರೂ ಕೇಳಿದಳು.

"ಮತ್ತೆ, ಪ್ರಾರ್ಥನೆಗೆ ಎಂದು ಕರೆದಿರಲ್ಲ?"

ಎನೆಲೇಸಿ ಅವಳ ತಲೆ ಸವರಿದಳು.

"ಬರೀ ಊಟಕ್ಕೆ ಬನ್ನಿ ಎಂದರೆ ನಿಮಗೆ ನಾಚಿಕೆಯಾಗುವುದಿಲ್ಲವೇ, ತಂಗೀ?"

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿ ಚೊಂಬಿನ ನೀರು ಕುಡಿದರು.

"ಕೂಸು?" ಎಂದ ಜೀವರತ್ನ.

"ಉಳಿಯಿತು. ತಾಯಿ ಉಂಡಳು, ಹಾಲು ಇಳಿಯಿತು. ಎಸ್ತೇರಬಾಯಿ ಹೊಸ ಬೆಳೆ ಬರುವವರೆಗೂ ಊರಿಗೆಲ್ಲ ತನ್ನ ಮನೆಯಲ್ಲೇ ಒಲೆ ಹಚ್ಚಿದಳು."

ಶಿಷ್ಯನಿಗೆ ಒಳಗೇ ಏನೋ ಕೊರೆಯುತ್ತಿತ್ತು. ತಾನು ಹೊರಟ ಕೆಲಸವೇ ಕಾಲ ಕೆಳಗಿಂದ ಜಾರಿದ ಹಾಗಾಗಿತ್ತು.

"ಹಾಗಾದರೆ ಗುರುಗಳೇ, ಅವರು ಅಷ್ಟು ದಿನ ಆ ಜನಕ್ಕೆ ಕಲಿಸಿದ್ದೆಲ್ಲ ವ್ಯರ್ಥವೇ?"

"ತಮ್ಮ ಬಾಯಿಯ ತುತ್ತು ಕೊಟ್ಟು, ಕೊಟ್ಟದ್ದು ಗೊತ್ತಾಗದ ಹಾಗೆ ಮುಚ್ಚಿಟ್ಟ ಜನಕ್ಕೆ ನೀನು ಹೋಗಿ ಏನು ಕಲಿಸುತ್ತೀ, ಅದನ್ನು ಹೇಳು" ಎಂದರು ಗುರುಗಳು.