ನೂರು ಮನೆಯ ವಠಾರಕ್ಕೊಂದು ಚರಂಡಿ

"ಪ್ರಭು, ಇಂಥ ವಠಾರವನ್ನು ಭೂಮಿಯ ಮೇಲೆ ಇದುವರೆಗೆ ಯಾರೂ ಕಟ್ಟಿಲ್ಲ, ಮುಂದೆ ಕಟ್ಟುವುದೂ ಇಲ್ಲ!"

ಸ್ಥಪತಿ ಕಾಳೋಜ ಹೀಗೆ ಎದೆಯುಬ್ಬಿಸಿ ಹೇಳಿ, ತುಂಬಿದ ಸಭೆಯಲ್ಲಿ ತನ್ನ ನಕ್ಷೆಯ ಬಟ್ಟೆಯನ್ನು ಹರಡಿದ.

ಕಣಿವೆಪುರದ ದೊರೆ ಚೆನ್ನಭೂಪಾಲನಿಗೆ ಹೊರನಾಡಿನಿಂದ ನೂರು ರೇಷ್ಮೆ ನೇಕಾರರ ಕುಟುಂಬಗಳನ್ನು ಕರೆಸಿಕೊಳ್ಳುವ ಆಸೆ. ಅವರಿಗಾಗಿ ಗುಡ್ಡದ ಮೇಲೆ ಮೂರಂತಸ್ತಿನ ವಠಾರ ಕಟ್ಟಬೇಕಿತ್ತು. ನಕ್ಷೆಯಲ್ಲಿ ಕೆತ್ತನೆಯ ಕಂಬಗಳಿದ್ದವು, ನವಿಲಿನ ಕಿಟಕಿಗಳಿದ್ದವು. ಮೇಲಿನ ಕೆರೆಯಿಂದ ಮನೆಮನೆಗೂ ನೀರು ತರುವ ಮಣ್ಣಿನ ಕೊಳವೆಗಳಿದ್ದವು.

ದೊರೆ ಹಿಗ್ಗಿ ಹೋದ. "ಹೇಗಿದೆ ಸೋವಣ್ಣ?" ಎಂದು ಪಕ್ಕದಲ್ಲಿದ್ದವನನ್ನು ಕೇಳಿದ.

ಸೋವಣ್ಣ ಆಸ್ಥಾನದ ಮಾತುಗಾರ. ನಕ್ಷೆಯನ್ನು ಮೇಲಿಂದ ಕೆಳಗೆ ನೋಡಿದ, ಬಟ್ಟೆ ಮಗುಚಿ ಹಿಂಬದಿಯನ್ನೂ ನೋಡಿದ.

"ಹಿಂದೇನು ಹುಡುಕುತ್ತೀಯಾ?" ಎಂದ ಕಾಳೋಜ.

"ನೀರು ಬರುವ ದಾರಿ ಕಂಡಿತು ಸ್ಥಪತಿಗಳೇ. ಹೋಗುವ ದಾರಿ ಹಿಂದುಗಡೆ ಇರಬಹುದೇ ಅಂತ ನೋಡಿದೆ. ಮನೆಗೆ ಹತ್ತು ಕೊಡ ಅಂದರೂ ದಿನಕ್ಕೆ ಸಾವಿರ ಕೊಡ. ಬಚ್ಚಲ ನೀರು, ಕಕ್ಕಸಿನ ನೀರು, ಬಣ್ಣ ತೊಳೆದ ನೀರು... ಇಷ್ಟೂ ಎಲ್ಲಿಗೆ ಹೋಗುತ್ತದೆ?"

"ಗುಡ್ಡಕ್ಕೆ ಇಳಿಜಾರು ಇದೆಯಲ್ಲ! ತಾನಾಗಿ ಇಳಿದು ಹೋಗುತ್ತದೆ."

"ಇಳಿಜಾರಿನ ಬುಡದಲ್ಲಿ ಕುಂಬಾರಗೇರಿ ಇದೆ. ಅವರು ಕುಡಿಯುವ ಬಾವಿಯಿದೆ."

ದೊರೆ ಪಟ್ಟೆಯ ಉತ್ತರೀಯದಿಂದ ಮೂಗು ಮುಚ್ಚಿಕೊಂಡ. "ಥೂ! ತುಂಬಿದ ಸಭೆಯಲ್ಲಿ ಕೊಚ್ಚೆಯ ಮಾತೇ? ಇಷ್ಟು ಚಂದದ ವಠಾರದ ನಡುವೆ ಚರಂಡಿ ತೋಡುವುದೇ? ಸಾಕು ಸೋವಣ್ಣ!"

ಸೋವಣ್ಣ ನಕ್ಷೆಯನ್ನು ಮಡಚಿ ಕಾಳೋಜನ ಕೈಗಿತ್ತ.

ಸುದ್ದಿ ಕುಂಬಾರಗೇರಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೇರಿಯ ಹಿರಿಯಳು ಗುಜ್ಜವ್ವ, ಕೈಗೆ ಮೆತ್ತಿದ ಜೇಡಿಮಣ್ಣನ್ನೂ ತೊಳೆಯದೆ ಸೋವಣ್ಣನ ಮನೆಗೆ ಬಂದಳು.

"ಅಪ್ಪಾ, ನಮ್ಮ ಬಾವಿ ಕೆಟ್ಟರೆ ನಾವು ಎಲ್ಲಿಗೆ ಹೋಗೋಣ? ಮೂವತ್ತು ಮನೆಯವರಿಗೆ ಅದೊಂದೇ ನೀರು. ಬಾಣಂತಿಯರಿದ್ದಾರೆ, ಎಳೆಗೂಸುಗಳಿವೆ. ದೊರೆಯ ಮುಂದೆ ಬಿದ್ದು ಹೊರಳಲೇ?"

"ಬೇಡವ್ವ. ದೊರೆಗೆ ನಮ್ಮ ಮಾತು ನಾರುತ್ತಿದೆ. ಕಾಳೋಜರ ಬಾಯಿಂದಲೇ ಹೇಳಿಸೋಣ. ನಾಡಿದ್ದು ಬೆಳಿಗ್ಗೆ ಸಭೆಗೆ ಬಾ," ಎಂದ ಸೋವಣ್ಣ.

ಮರುದಿನ ಸಭೆಯಲ್ಲಿ ಅವನ ವರಸೆಯೇ ಬೇರೆಯಾಗಿತ್ತು.

"ಪ್ರಭು, ನಿನ್ನೆ ನಾನು ತಪ್ಪು ಮಾತಾಡಿದೆ. ಇಂಥ ಸ್ಥಪತಿಗೆ ಬರೀ ಶಾಲು ಹೊದಿಸಿದರೆ ಸಾಲದು. ಒಂದು ದೊಡ್ಡ ಮನೆ ಕೊಡಬೇಕು. ತಾನು ಕಟ್ಟಿದ್ದನ್ನು ದಿನಾ ಕಣ್ತುಂಬ ನೋಡುವಂತಿರಬೇಕು."

ದೊರೆಗೆ ಮಾತು ಹಿಡಿಸಿತು. "ಜಾಗ ಎಲ್ಲಿ?"

"ಗುಡ್ಡದ ಬುಡದಲ್ಲಿ, ಕುಂಬಾರರ ಬಾವಿಯ ಪಕ್ಕದ ಬಯಲು. ಅಲ್ಲಿ ಜಗಲಿಯ ಮೇಲೆ ಕೂತು ತಲೆಯೆತ್ತಿದರೆ ಇಡೀ ವಠಾರ ಕಾಣುತ್ತದೆ. ಬಾವಿಯ ನೀರೂ ಎಳನೀರಿನಂತಿದೆ."

"ಕೊಟ್ಟೆ!" ಎಂದ ದೊರೆ. "ವಠಾರಕ್ಕೆ ಜನ ಬರುವ ದಿನವೇ ಕಾಳೋಜರೂ ಸಂಸಾರ ಸಮೇತ ಆ ಮನೆ ಹೊಗಬೇಕು. ಇದು ನಮ್ಮ ಅಪ್ಪಣೆ."

ಕಾಳೋಜ ಮೂರು ಸಲ ಬಾಗಿ ನಮಸ್ಕರಿಸಿದ. ಸಂಜೆ ಮನೆಗೆ ಬಂದವನೇ ಹೆಂಡತಿ ಬಾಚಲೆಯ ಮುಂದೆ ನಕ್ಷೆ ಬಿಡಿಸಿ, ತಮ್ಮ ಮನೆಯ ಜಾಗಕ್ಕೆ ಬೆರಳಿಟ್ಟು ತೋರಿಸಿದ.

ಬಾಚಲೆ ಅಕ್ಕಿ ಆರಿಸುತ್ತಿದ್ದಳು. ಮೊರ ಬದಿಗಿಟ್ಟು ಬಗ್ಗಿ ನೋಡಿದಳು.

"ಮೇಲಿನ ಈ ನೂರು ಮನೆಯವರು ಸ್ನಾನ ಮಾಡುತ್ತಾರೆ ತಾನೇ?"

"ಮಾಡದೆ ಇರುತ್ತಾರೆಯೇ?"

"ಕಕ್ಕಸಿಗೂ ಹೋಗುತ್ತಾರಲ್ಲ?"

"ಇದೆಂಥ ಪ್ರಶ್ನೆ!"

"ಆ ನೀರೆಲ್ಲ ಎಲ್ಲಿಗೆ ಬರುತ್ತದೆ?"

ಕಾಳೋಜನ ಬೆರಳು ವಠಾರದಿಂದ ಮೆಲ್ಲನೆ ಜಾರಿತು. ಇಳಿಜಾರು ದಾಟಿ, ನೇರವಾಗಿ ತನ್ನ ಜಗಲಿಯ ಮೇಲೆ ಬಂದು ನಿಂತಿತು. ಅವನ ಮುಖ ಬಾಡಿತು.

"ನಿಮ್ಮ ಮನೆಗೆ ನೀವೇ ಹೋಗಿ ಇರಿ. ನಾನು ತವರಿಗೆ ಹೊರಟೆ," ಎಂದು ಬಾಚಲೆ ಮತ್ತೆ ಮೊರ ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸಭೆಗೆ ಬಂದವನು ಕಾಳೋಜ. ಕಂಕುಳಲ್ಲಿ ಹೊಸ ನಕ್ಷೆ.

"ಪ್ರಭು, ಒಂದು ಸಣ್ಣ ತಿದ್ದುಪಡಿ. ಪ್ರತಿ ಮನೆಯ ಬಚ್ಚಲಿಗೂ ಕಕ್ಕಸಿಗೂ ಒಂದೊಂದು ಕೊಳವೆ. ಎಲ್ಲವೂ ನೆಲದಡಿಯ ದೊಡ್ಡ ಚರಂಡಿಗೆ ಸೇರುತ್ತವೆ. ಮೇಲೆ ಕಲ್ಲುಚಪ್ಪಡಿ, ಕಣ್ಣಿಗೂ ಕಾಣದು, ಮೂಗಿಗೂ ಬಡಿಯದು. ಚರಂಡಿ ಕುಂಬಾರಗೇರಿಯ ಕಡೆ ಸುಳಿಯುವುದೇ ಇಲ್ಲ. ಗುಡ್ಡದ ಆಚೆ ಬದಿಗೆ ಹೋಗಿ, ಗುಂಡಿಗಳಲ್ಲಿ ಗಸಿ ತಳಕ್ಕಿಳಿದು, ತಿಳಿನೀರು ಮಾತ್ರ ಅರಮನೆಯ ತೆಂಗಿನ ತೋಟಕ್ಕೆ!"

ದೊರೆ ನಕ್ಷೆಯನ್ನೇ ನೋಡಿದ. ಹೀಗೂ ಚರಂಡಿ ಮಾಡಬಹುದೆಂದು ಅವನಿಗೆ ತಿಳಿದೇ ಇರಲಿಲ್ಲ.

"ಚೆನ್ನಾಗಿದೆ. ಆದರೆ ಇಷ್ಟೊಂದು ಕೊಳವೆ ಮಾಡುವವರು ಯಾರು?"

ಬಾಗಿಲ ಬಳಿ ನಿಂತಿದ್ದ ಗುಜ್ಜವ್ವ ಕೈಯೆತ್ತಿದಳು. "ನಾವಿದ್ದೀವಲ್ಲ ಬುದ್ಧಿ! ಮೂವತ್ತು ಮನೆಯವರೂ ಕೂತರೆ ಮಳೆಗಾಲದೊಳಗೆ ಸುಟ್ಟು ಕೊಡ್ತೀವಿ."

"ಆಗಲಿ, ಕೆಲಸ ನಿಮ್ಮದೇ," ಎಂದ ದೊರೆ. ಆಮೇಲೆ ಸ್ಥಪತಿಯತ್ತ ತಿರುಗಿದ. "ಅಲ್ಲ ಕಾಳೋಜರೇ, ಮೊನ್ನೆ ಬೇಡವಾಗಿದ್ದ ಚರಂಡಿ ಇವತ್ತು ಯಾಕೆ ಬೇಕಾಯಿತು?"

ಕಾಳೋಜ ಕೆಮ್ಮಿದ, ತಲೆ ಕೆರೆದುಕೊಂಡ.

ಸೋವಣ್ಣ ಕೈಮುಗಿದು ಎದ್ದ. "ನಾನು ಹೇಳುತ್ತೇನೆ ಪ್ರಭು. ಮೊನ್ನೆ ಅದು ಕುಂಬಾರರ ಅಂಗಳಕ್ಕೆ ಹೋಗುವ ಕೊಚ್ಚೆಯಾಗಿತ್ತು. ನಿನ್ನೆ ತಾವು ಮನೆ ಕೊಟ್ಟಿರಿ ನೋಡಿ, ಅದು ಸ್ಥಪತಿಗಳ ಅಂಗಳಕ್ಕೆ ಬರುವ ಕೊಚ್ಚೆಯಾಯಿತು."

ದೊರೆ ಕಿರೀಟ ವಾಲುವಂತೆ ನಕ್ಕ. ತನ್ನ ಕೈಯ ಕಡಗ ಬಿಚ್ಚಿ ಸೋವಣ್ಣನಿಗೆ ತೊಡಿಸಿದ.

"ಕಾಳೋಜರೇ, ಇನ್ನೇನು ಭಯ? ನಾವು ಕೊಟ್ಟ ಮನೆ ಕೊಟ್ಟದ್ದೇ. ಅಲ್ಲೇ ಇರುತ್ತೀರಿ ತಾನೇ?"

ಕಾಳೋಜ ನಕ್ಷೆಯನ್ನು ಮತ್ತೊಮ್ಮೆ ದಿಟ್ಟಿಸಿ ನೋಡಿ, ಮೆಲ್ಲಗೆ ಕೇಳಿದ:

"ಹಾಗಾದರೆ ಪ್ರಭು, ಚರಂಡಿಯನ್ನು ಇನ್ನೂ ಒಂದು ಮೊಳ ಅಗಲ ಮಾಡಿಬಿಡಲೇ?"