ಸೂರ್ಯನ ಶಲ್ಯ ಒಗೆದ ಸಾಂತವ್ವ

ಲೋಕ ಇನ್ನೂ ಹೊಸ ಸೀರೆಯ ಹಾಗೆ ಗಂಜಿಯ ವಾಸನೆ ಹೊಡೆಯುತ್ತಿದ್ದ ಕಾಲ. ಆಗ ಹೊಳೆಗೆ ಬಾಯಿತ್ತು, ಗಾಳಿಗೆ ಕೈಯಿತ್ತು, ಸೂರ್ಯನ ಹೆಗಲ ಮೇಲೆ ಒಂದು ಶಲ್ಯವಿತ್ತು.

ಆ ಶಲ್ಯವೇ ಬೆಳಕು. ಅದರಲ್ಲಿ ಹಳದಿ ಇತ್ತು, ಕೇಸರಿ ಇತ್ತು, ಕೆಂಪು ಇತ್ತು. ಎಲ್ಲದರ ಮೇಲೆ ನೀಲಿ ಇತ್ತು. ಸಂಜೆಯಾದರೆ ಸೂರ್ಯ ಅದನ್ನು ಪಡುವಣ ಬೆಟ್ಟದ ಮೇಲೆ ಎಸೆದು ತಾನು ಮಾತ್ರ ಇಳಿದು ಹೋಗುತ್ತಿದ್ದ. ಶಲ್ಯ ಅಲ್ಲೇ ಬಿದ್ದುಕೊಂಡು ಬೆಳಗಿನವರೆಗೂ ನೀಲಿ ನೀಲಿಯಾಗಿ ಹೊಳೆಯುತ್ತಿತ್ತು.

ಹಾಗಾಗಿ ಯಾರಿಗೂ ಸರಿಯಾದ ನಿದ್ದೆ ಇರಲಿಲ್ಲ. ಎತ್ತು ನಡೆಯುತ್ತಾ ನಡೆಯುತ್ತಾ ತೂಕಡಿಸುತ್ತಿತ್ತು. ಕಾಗೆ ತನ್ನ ಗೂಡು ಮರೆತು ಹದ್ದಿನ ಗೂಡಿಗೆ ಹೋಗಿ ಒದೆ ತಿನ್ನುತ್ತಿತ್ತು.

ನಮ್ಮ ಕಡೆ, ಮಲಪ್ರಭೆಯ ದಂಡೆಯಲ್ಲಿ, ಸಾಂತವ್ವ ಎಂಬ ಬಣ್ಣ ಹಾಕುವ ಮುದುಕಿ ಇದ್ದಳು. ನೂಲಿಗೆ ನೀಲಿ ಹಾಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳಿಗೊಬ್ಬಳು ಮೊಮ್ಮಗಳು, ಆರು ತಿಂಗಳ ಕೂಸು. ಹುಟ್ಟಿದಾಗಿನಿಂದ ಅದು ನೆಟ್ಟಗೆ ಮಲಗಿದ್ದೇ ಇಲ್ಲ. ಅತ್ತು ಅತ್ತು ದನಿ ಹೋಯಿತು. ಕೈಕಾಲು ಕಡ್ಡಿಯಾದವು. ಕೊನೆಗೆ ಹಾಲನ್ನೂ ಬಿಟ್ಟಿತು.

ಒಂದು ಸಂಜೆ ಸಾಂತವ್ವ ಹೊರಗೆ ಬಂದು ನೋಡಿದರೆ, ನಿದ್ದೆ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಾಳೆ!

"ಏನವಾ ನಿದ್ದೆವ್ವ, ಇಲ್ಲಿ ಕುಂತು ಗಾಳಿ ತಗೋತೀಯೇನು? ಒಳಗ ಕೂಸು ಸಾಯಾಕ ಹತ್ತೈತಿ."

"ನಾ ಏನು ಮಾಡ್ಲಿ ಅಕ್ಕಾ? ದಿನಾ ಬರ್ತೀನಿ. ಕೂಸಿನ ತಲಿಯೊಳಗ ಜ್ವಾಳದ ಕಾಳಿನಷ್ಟು ಒಬ್ಬ ಕಾವಲುಗಾರ ಅದಾನ. ಅಂವ ಬಾಗಿಲಾ ತಗದ್ರ ನಾ ಒಳಗ. ಆದ್ರ ಕಣ್ಣಿಗೆ ಒಂದು ಚೂರು ನೀಲಿ ಕಂಡ್ರೂ ಸಾಕು, ಇನ್ನೂ ಹಗಲೈತಿ ಅಂತ ಅಗಳಿ ಹಾಕ್ತಾನ."

ಸಾಂತವ್ವ ಒಳಗೆ ಓಡಿ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಬಣ್ಣದವಳ ಸೆರಗು, ನೀಲಿ. ಅದನ್ನು ತೆಗೆದು ತೊಟ್ಟಿಲಿನ ಬಟ್ಟೆ ಹೊದಿಸಿದಳು. ಅದೂ ನೀಲಿ. ಗೂಟದ ಮೇಲಿದ್ದ ಬಟ್ಟೆಯೆಲ್ಲ ಎಳೆದು ಹಾಕಿದಳು, ನೀಲಿ, ನೀಲಿ, ನೀಲಿ. ಅವುಗಳೊಳಗಿಂದ ಹಾದ ಬೆಳಕು ಇನ್ನಷ್ಟು ನೀಲಿಯಾಯಿತು. ಕಾವಲುಗಾರ ಎರಡನೆಯ ಅಗಳಿಯನ್ನೂ ಹಾಕಿದ.

ನಿದ್ದೆ ಕಿಸಕ್ಕನೆ ನಕ್ಕಳು. "ಛಲೋ ಮಾಡಿದಿ! ಮನೀ ತುಂಬ ಹಗಲನ್ನ ಮಡಚಿ ಇಟ್ಟೀಯಲ್ಲ ಅಕ್ಕಾ."

ಸಾಂತವ್ವ ನಗಲಿಲ್ಲ. ಕೂಸನ್ನು ಬಗಲಿಗೆ ಎತ್ತಿಕೊಂಡು ನೇರ ಪಡುವಣ ಬೆಟ್ಟ ಹತ್ತಿದಳು. ಸೂರ್ಯ ಆಗಷ್ಟೇ ಶಲ್ಯ ಎಸೆಯುತ್ತಿದ್ದ.

"ನಿಲ್ಲೋ ಸೂರ್ಯಪ್ಪ. ಆ ಶಲ್ಯ ಇಲ್ಲಿ ಕೊಡು, ಒಗೀಬೇಕು."

"ನನ್ನ ಶಲ್ಯಾನ? ಮುಟ್ಟಿದ್ರ ಸುಟ್ಟು ಬೂದಿ ಆಗ್ತೀ, ಮುದುಕಿ."

"ಕುದಿಯೋ ಬಣ್ಣದಾಗ ಅದ್ದಿ ಅದ್ದಿ ಈ ಕೈ ಬಿಸಿ ಅನ್ನೋದನ್ನ ಮರತೈತಿ. ಅದಿರಲಿ, ನಿನಗ ಈ ನೀಲಿ ಹಾಕಿ ಕೊಟ್ಟಾಂವ ಯಾರು? ಬರೇ ಮ್ಯಾಲ ಕುಂತೈತಿ, ನೂಲಿಗೆ ಇಳದೇ ಇಲ್ಲ. ನನ್ನ ಮನಿಯೊಳಗ ಯಾರರ ಇಂಥಾ ಬಣ್ಣ ಹಾಕಿದ್ರ ಅವತ್ತ ಅವರಿಗೆ ಊಟ ಇಲ್ಲ."

ಸೂರ್ಯನಿಗೆ ಹೀಗೆ ಯಾರೂ ಹೇಳಿರಲಿಲ್ಲ. "ಹಂಗಾದ್ರ ನೀಲಿ ತಗದು ತೋರಸು. ಕೆಂಪಿನ ಒಂದು ಎಳಿ ಕೆಡಬಾರದು. ಕೆಟ್ಟರ?"

"ಕೆಟ್ಟರ ನನ್ನ ಬಣ್ಣದ ಬಾನಿ ಅಷ್ಟೂ ಒಡದು ಹಾಕ್ತೀನಿ. ಬಣ್ಣದಾಕಿ ಅಂತ ಯಾರೂ ನನ್ನ ಕರಿಯೂದು ಬ್ಯಾಡ."

ಸೂರ್ಯ ಶಲ್ಯ ಕೊಟ್ಟ. ಬೆಟ್ಟ ಇಳಿದು ಬಂದು, ಕೂಸನ್ನು ದಂಡೆಯ ಮೇಲೆ ಮಲಗಿಸಿ ಸಾಂತವ್ವ ಹೊಳೆಗಿಳಿದಳು. ಶಲ್ಯ ನೀರಿಗೆ ಬಿದ್ದದ್ದೇ ಚುರ್‌ ಎಂದಿತು.

"ಅಯ್ಯಯ್ಯ, ಸುಡತೈತಿ!" ಎಂದು ಹೊಳೆ ಕೂಗಿತು.

"ಒಂದು ಕೂಸಿನ ಸಲುವಾಗಿ ತಡಕೋ ಹೊಳೆವ್ವ."

ಹೊಳೆ ಹಲ್ಲು ಕಚ್ಚಿತು. ಸಾಂತವ್ವ ಬಣ್ಣ ಬಿಡಿಸುವ ಸವಳು ಮಣ್ಣು ಹಚ್ಚಿ ಉಜ್ಜಿದಳು. ಮಣ್ಣು ಹೆಚ್ಚಾದರೆ ಕೆಂಪೂ ಹೋಗುತ್ತದೆ, ಕಡಿಮೆಯಾದರೆ ನೀಲಿ ಉಳಿಯುತ್ತದೆ. ಎಷ್ಟು ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಬಂಡೆಗೆ ಒಮ್ಮೆ ಬಡಿದಳು, ನೀಲಿ ಹರಿದುಹೋಗಿ ಶಲ್ಯ ಹಳದಿಯಾಯಿತು. ಇನ್ನೊಮ್ಮೆ ಬಡಿದಳು, ಕೇಸರಿಯಾಯಿತು. ಗಾಳಿ ಒಂದು ತುದಿ ಹಿಡಿಯಿತು, ಇವಳು ಇನ್ನೊಂದು ತುದಿ ಹಿಡಿದು ಹಿಂಡಿದಳು. ಕೊಡವಿ ಆಕಾಶಕ್ಕೆ ಹರವಿದರೆ, ಪಡುವಣವೆಲ್ಲ ಕುಸುಬಿ ಹೂವಿನ ಕೆಂಪು! ಒಂದು ಎಳೆಯೂ ಕೆಟ್ಟಿರಲಿಲ್ಲ.

ದಂಡೆಯ ಮೇಲೆ ಕೂಸು ಪುಟ್ಟ ಬಾಯಿ ತೆರೆದು ಆಕಳಿಸಿತು. ತಲೆಯೊಳಗೆ ಅಗಳಿ ಸರಿಯಿತು, ಒಂದು, ಎರಡು. ನಿದ್ದೆ ಕಟ್ಟೆಯಿಂದ ಎದ್ದು ಬಂದು, ಸದ್ದಿಲ್ಲದೆ ಒಳಗೆ ನಡೆದಳು. ಎತ್ತು ಕಾಲು ಮಡಚಿತು. ಕಾಗೆ ತನ್ನದೇ ಗೂಡಿಗೆ ಹೋಯಿತು. ಮೇಲಿನಿಂದ ನೋಡುತ್ತಿದ್ದ ಸೂರ್ಯನೂ ಬೆಟ್ಟದಷ್ಟು ಬಾಯಿ ತೆರೆದ.

"ಆ... ಇದೇನಿದು, ಸಾಂತವ್ವ?"

"ಆಕಳಿಕಿ. ಮನಿಗೆ ಹೋಗಿ ಮಲಕ್ಕೋ."

"ಮುಂಜಾನಿಗೆ ನೀಲಿ ಬೇಕಲ್ಲ? ಇಲ್ಲಾಂದ್ರ ಯಾರೂ ಏಳೂದಿಲ್ಲ."

"ಮುಂಜಾನಿ ಅದ್ದಿ ಕೊಡ್ತೀನಿ, ಸಂಜಿಕ ಒಗದು ಕೊಡ್ತೀನಿ. ಆದ್ರ ಹೊತ್ತು ತಂದು ಕೊಡಾಕಿ ನಾ ಅಲ್ಲ. ನೀನ ಬಂದು ಒಯ್ಯಿ."

ಸೂರ್ಯ ಕೈ ಮುಗಿದ. ಅವನು ಯಾರಿಗಾದರೂ ಕೈ ಮುಗಿದದ್ದು ಅದೇ ಮೊದಲು, ಮುಗಿದದ್ದು ನಮ್ಮೂರ ಹೆಣ್ಣಿಗೆ.

ಆ ಹೊಳೆ ಬಿಟ್ಟು ನಾನು ಬಂದು ಬಹಳ ವರ್ಷವಾಯಿತು. ಇಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ. ಇಲ್ಲಿಯ ಜನ ದಂಡೆಯಲ್ಲಿ ನಿಂತು ಆ ಕೆಂಪನ್ನು ತಮ್ಮದೆಂದೇ ತೋರಿಸುತ್ತಾರೆ. ತೋರಿಸಲಿ. ಒಗೆದವಳು ಯಾರೆಂದು ನನಗೆ ಗೊತ್ತು.

ಆದರೆ ಟ್ಯೂಬ್‌ಲೈಟಿನ ಬೆಳಕು, ಮೊಬೈಲಿನ ಬೆಳಕು ಸಾಂತವ್ವನ ಕೈಗೆ ಹೋಗಿ ಬಂದದ್ದಲ್ಲ. ಅದರ ನೀಲಿ ಹಾಗೇ ಇದೆ. ಅದಕ್ಕೇ ಮಗೂ, ಸಂಜೆಯಾದ ಮೇಲೆ ನೀನು ಮೊಬೈಲನ್ನು ಮೂಗಿಗೆ ಹಿಡಿದು ಕೂತರೆ, ತಲೆಯೊಳಗಿನ ಕಾವಲುಗಾರ ಹಗಲೆಂದು ಅಗಳಿ ಹಾಕಿಕೊಳ್ಳುತ್ತಾನೆ, ಬಂದ ನಿದ್ದೆ ಹೊರಗೇ ಕೂತು ಕಾಯುತ್ತಾಳೆ.