ಅಟ್ಟದ ಕಾಯಿ, ಬೆಳಗಿನ ಕಿವಿ

“ಗುರುಗಳೇ, ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುವಾಗ ಶಬ್ದ ಎಷ್ಟಿದ್ದರೆ ಕಿವಿಗೆ ಕ್ಷೇಮ ಎಂದು ತಿಳಿಯುವುದು ಹೇಗೆ? ನಾನು ನನಗೆ ಹಿತವಾಗುವಷ್ಟು ಇಟ್ಟುಕೊಳ್ಳುತ್ತೇನೆ. ನನ್ನ ಕಿವಿಗಿಂತ ಬೇರೆ ಸಾಕ್ಷಿ ಬೇಕೆ?” ಎಂದು ಶಿಷ್ಯ ಕೇಳಿದ.

“ಸಾಕ್ಷಿ ತೂಕಡಿಸುತ್ತಿದ್ದಾನೋ ಎಚ್ಚರವಾಗಿದ್ದಾನೋ ಅಂತ ಮೊದಲು ನೋಡಬೇಕಪ್ಪ” ಎಂದು ಗುರುಗಳು ನಕ್ಕು ಈ ಕತೆ ಹೇಳಿದರು.

ಒಬ್ಬ ತೆಂಗಿನ ತೋಟದ ರೈತನಿದ್ದ. ಅವನ ಕಡೆ ಬಲಿತ ಕಾಯನ್ನು ಸಿಪ್ಪೆಸಮೇತ ವರ್ಷದ ತನಕ ಅಟ್ಟದಲ್ಲಿ ಇಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ನೀರು ಪೂರ್ತಿ ಇಂಗುವ ಮೊದಲೇ ಒಡೆದರೆ ಉಂಡೆ ಚೂರಾಗುತ್ತದೆ, ಬೂಷ್ಟು ಹಿಡಿಯುತ್ತದೆ, ವರ್ಷ ಕಾದದ್ದೆಲ್ಲ ಮಣ್ಣುಪಾಲಾಗುತ್ತದೆ. ಒಡೆಯದೆ ಒಳಗನ್ನು ತಿಳಿಯಬೇಕಾದರೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಣಗಿದ್ದರೆ ಉಂಡೆ ಮಾತ್ರ ಲೊಟಲೊಟ ಎನ್ನುತ್ತದೆ. ಒಣಗದಿದ್ದರೆ ಅದರ ಹಿಂದೆಯೇ ನೀರಿನದೊಂದು ಸಣ್ಣ ದನಿ ಇರುತ್ತದೆ.

ಈ ರೈತನ ಕಿವಿ ಎಂದೂ ತಪ್ಪಿರಲಿಲ್ಲ. ಅದರ ಜಂಭವೂ ಅವನಿಗಿತ್ತು.

ಒಂದು ದಿನವಿಡೀ ಅವನು ಇಯರ್‌ಫೋನ್ ಹಾಕಿಕೊಂಡು ತೋಟ ಉಳುವ ಟಿಲ್ಲರ್ ಹೊಡೆದ. ಟಿಲ್ಲರ್ ಗದ್ದಲದಲ್ಲಿ ಹಾಡು ಕೇಳಲಿಲ್ಲ, ಶಬ್ದ ಏರಿಸಿದ. ಸ್ವಲ್ಪ ಹೊತ್ತಿಗೆ ಅದೂ ಸಪ್ಪೆಯೆನಿಸಿತು, ಮತ್ತೆ ಏರಿಸಿದ. ಸಂಜೆ ಮನೆಗೆ ಬಂದಾಗ ಕೊಬ್ಬರಿ ವ್ಯಾಪಾರಿ ಕಾಯಿ ಒಡೆಯುವ ಆಳುಗಳನ್ನು ಕರೆತಂದು ಅಂಗಳದಲ್ಲಿ ಕೂತಿದ್ದ. ರೈತ ಅಟ್ಟ ಹತ್ತಿದ. ಒಂದು ಕಾಯಿ ಅಲ್ಲಾಡಿಸಿದ, ಇನ್ನೊಂದು ಅಲ್ಲಾಡಿಸಿದ. ಲೊಟಲೊಟ ಬಿಟ್ಟರೆ ಬೇರೇನೂ ಕೇಳಲಿಲ್ಲ. “ಒಣಗವೆ, ಇಳಿಸ್ರಪ್ಪ” ಎನ್ನುತ್ತ ಕೆಳಗಿಳಿದ.

ಅವನು ಇಳಿದದ್ದೇ ತಡ, ಹೆಂಡತಿ ಏಣಿಯನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, ಅದರ ಮೇಲೆ ಕೂತುಬಿಟ್ಟಳು.

“ಮಧ್ಯಾಹ್ನ ಟಿಲ್ಲರ್ ನಿಲ್ಸಿ ಹಾಡು ಕೇಳ್ತಾ ಕೂತಿದ್ರಿ. ಪಕ್ಕದಲ್ಲೇ ನಿಂತ್ಕಂಡು ಊಟಕ್ಕೆ ಕೂಗ್ದೆ, ತಿರುಗ್ ನೋಡ್ಲಿಲ್ಲ. ನನ್ ಕೂಗೇ ಕೇಳ್ದಿರೋವಷ್ಟು ಗದ್ಲ ದಿನವೆಲ್ಲ ತಿಂದ ಕಿವಿಗೆ ಕಾಯೊಳಗಿನ ನೀರು ಕೇಳುತ್ತಾ? ಬೆಳಗಾಗ್ಲಿ, ಆಮೇಲ್ ಒಡೀರಿ.”

“ಆಳುಗಳು ಬಂದು ಕೂತವ್ರೆ. ನನ್ ಮರ್ವಾದೆ ಏನಾಗ್ಬೇಕು?” ಎಂದು ರೈತ ಕೂಗಾಡಿದ.

ಅವಳು ಏಳಲಿಲ್ಲ. ವ್ಯಾಪಾರಿ ನಗುತ್ತ, ನಾಳೆ ಬರುತ್ತೇನೆಂದು ಆಳುಗಳನ್ನು ಕರೆದುಕೊಂಡು ಹೊರಟ.

ಬೆಳಗ್ಗೆ ರೈತ ಸಿಟ್ಟಿನಲ್ಲೇ ಎದ್ದ. ಹೆಂಡತಿಯ ಮಾತು ಕಿವಿಗೆ ಬೀಳದಿರಲಿ ಎಂದು ಇಯರ್‌ಫೋನ್ ತುರುಕಿಕೊಂಡು ಹಾಡು ಹಾಕಿದ. ಹಾಕಿದವನೇ ಬೆಚ್ಚಿಬಿದ್ದು ಕಿತ್ತೆಸೆದ. ಹಿಂದಿನ ದಿನ ಹಿತವಾಗಿದ್ದ ಅದೇ ಶಬ್ದ, ಕೂದಲೆಳೆಯಷ್ಟೂ ಏರಿಸಿರಲಿಲ್ಲ, ಈಗ ಕಪಾಳಕ್ಕೆ ಬಾರಿಸಿದಂತಿತ್ತು. ಅವನಿಗೆ ಭಯವಾಯಿತು. ಏಣಿ ಹೊತ್ತು ತಂದು ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿದ. ಉಂಡೆಯ ಸದ್ದಿನ ಹಿಂದೆಯೇ ನೀರು ತುಳುಕಿತು. ಇನ್ನೊಂದರಲ್ಲೂ ತುಳುಕಿತು, ಮತ್ತೊಂದರಲ್ಲೂ.

“ಉಳೀತು ಕಣೇ! ಅಷ್ಟೂ ಉಳೀತು!” ಎಂದು ಅವನು ಅಟ್ಟದಿಂದ ಕೂಗಿದ ಕೂಗಿಗೆ ಓಣಿಯ ಜನ ಓಡಿಬಂದರು.

ಕಾಯನ್ನು ಇನ್ನಷ್ಟು ದಿನ ಒಣಗಲು ಬಿಟ್ಟರು. ಆಮೇಲೆ ಒಡೆದಾಗ ಒಂದೊಂದು ಉಂಡೆಯೂ ಇಡಿಯಾಗಿ ಹೊರಬಂತು. ಇಂಥ ಕೊಬ್ಬರಿ ನೋಡೇ ಇಲ್ಲ ಎಂದು ವ್ಯಾಪಾರಿ ಒಂದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ರೈತ ಅದನ್ನು ಅವನ ಕೈಯಿಂದ ಕಸಿದು, ಎಲ್ಲರೆದುರು ಹೆಂಡತಿಯ ಕೈಗಿಟ್ಟ. ಆ ಮನೆಯಲ್ಲಿ ಅಂದು ಹಬ್ಬ. ಅಂದಿನಿಂದ ಅವನು ಬೆಳಗಿನ ಮೌನದಲ್ಲಿ, ಪಕ್ಕದಲ್ಲಿ ಅವಳು ಮಾತಾಡಿದರೆ ಕೇಳುವಂತೆ ಶಬ್ದ ಇಟ್ಟುಕೊಳ್ಳುತ್ತಿದ್ದ. ಆಮೇಲೆ ಟಿಲ್ಲರ್ ಎಷ್ಟೇ ಅರಚಲಿ, ಆ ಗುರುತನ್ನು ದಾಟುತ್ತಿರಲಿಲ್ಲ.

“ಒಂದು ರಾತ್ರಿಯ ಬಿಡುವಿಗೆ ಅವನ ಕಿವಿ ಮರಳಿ ಬಂತು. ದಿನವೂ ಹಾಗೆ ಏಟು ತಿಂದ ಕಿವಿ ಮರಳುವುದಿಲ್ಲ” ಎಂದು ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಅಷ್ಟಕ್ಕೇ ಸೋಲಲಿಲ್ಲ. “ಆದರೆ ಗುರುಗಳೇ, ನಾನು ಕೇಳುವ ಶಬ್ದ ನನಗೆ ನಿಜವಾಗಿಯೂ ಹಿತವಾಗಿಯೇ ಇದೆ” ಎಂದ.

“ಆ ಸಂಜೆ ಅವನ ಕಿವಿಗೆ ಆ ಕಾಯಿಗಳೂ ನಿಜವಾಗಿಯೂ ಒಣಗಿಯೇ ಇದ್ದವು” ಎಂದರು ಗುರುಗಳು.